ಅಪ್‌ಗ್ರೇಡ್ ಅರ್ಧಕ್ಕೆ ನಿಂತ ಲ್ಯಾಪ್‌ಟಾಪ್: ಫಾರ್ಮ್ಯಾಟ್ ಮಾಡಿಸುವ ಮೊದಲು ತಿಳಿಯಬೇಕಾದದ್ದು

ತೋಟದ ಲೆಕ್ಕಪತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಇಡುವ ರೂಢಿ ನಮ್ಮ ಸದಸ್ಯರಲ್ಲಿ ಈಗ ಸಾಮಾನ್ಯವಾಗಿದೆ. ಚೆಕ್‌ರೋಲ್, ಕೊಯ್ಲಿನ ಕೂಲಿ, ಗೊಬ್ಬರ ಮತ್ತು ಔಷಧಿಯ ಖರ್ಚು, ಅಡಿಕೆ ಮಾರಾಟದ ಪಟ್ಟಿ, ಕ್ಯೂರಿಂಗಿಗೆ ಕಳುಹಿಸಿದ ಕಾಫಿ ಚೀಲಗಳ ವಿವರ, ದಿನದಿನದ ಮಳೆ ಲೆಕ್ಕ, ಎಲ್ಲವೂ ಅದರಲ್ಲಿಯೇ ಇರುತ್ತವೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ನಿಲ್ಲಿಸಿದ ತರುವಾಯ, ಹಲವರು ತಮ್ಮ ಯಂತ್ರಗಳನ್ನು ವಿಂಡೋಸ್ 11ಕ್ಕೆ ಏರಿಸಲು ಕೈಹಾಕಿದ್ದಾರೆ. ಬಹುಪಾಲು ಮಂದಿಗೆ ಈ ಕೆಲಸ ಸುಸೂತ್ರವಾಗಿ ಮುಗಿದಿದೆ. ಕೆಲವರಿಗೆ ಮಾತ್ರ ನಡುವೆ ಕರೆಂಟು ಹೋಗಿಯೋ, ಡಿಸ್ಕಿನಲ್ಲಿ ಜಾಗ ಸಾಲದೆಯೋ, ಬೇರಾವುದೋ ಕಾರಣಕ್ಕೋ ಯಂತ್ರ ನಿಂತುಬಿಟ್ಟು, ಮತ್ತೆ ಚಾಲೂ ಆಗದ ಸ್ಥಿತಿ ಬಂದಿದೆ. ಇಂಥ ಸಂದರ್ಭದಲ್ಲಿ ಏನು ಮಾಡಬೇಕು, ಅದಕ್ಕಿಂತ ಹೆಚ್ಚಾಗಿ ಏನು ಮಾಡಬಾರದು ಎಂದು ಕಛೇರಿಗೆ ಬಂದು ವಿಚಾರಿಸುವ ಸದಸ್ಯರು ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇವೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಲ್ಯಾಪ್‌ಟಾಪ್ ಚಾಲೂ ಆಗದಿರುವುದು ಬೇರೆ, ಅದರೊಳಗಿನ ಲೆಕ್ಕ ಹಾಳಾಗುವುದು ಬೇರೆ. ಅಪ್‌ಗ್ರೇಡ್ ಕೆಟ್ಟು ಯಂತ್ರ ನಿಂತಾಗ ಸಾಮಾನ್ಯವಾಗಿ ಲೆಕ್ಕದ ಫೈಲುಗಳು ಡಿಸ್ಕಿನಲ್ಲಿ ಇದ್ದ ಹಾಗೆಯೇ ಇರುತ್ತವೆ. ಅವು ಅಳಿಸಿಹೋಗುವುದು ಆಮೇಲೆ ಅವಸರದಲ್ಲಿ ಮಾಡಿಸಿದ ಫಾರ್ಮ್ಯಾಟಿನಿಂದ.

ನಮ್ಮ ಸದಸ್ಯರೊಬ್ಬರಿಗೆ ಹೀಗೆಯೇ ಆಯಿತು. ನಿಂತುಹೋದ ಲ್ಯಾಪ್‌ಟಾಪನ್ನು ಪಟ್ಟಣದ ಅಂಗಡಿಯೊಂದಕ್ಕೆ ಕೊಟ್ಟರು. ಮಾರನೆಯ ದಿನ ಯಂತ್ರ ಹೊಸದರಂತೆ ಓಡುತ್ತಿತ್ತು, ಆದರೆ ಒಳಗೆ ಏನೂ ಉಳಿದಿರಲಿಲ್ಲ. ಕೂಲಿಯ ಲೆಕ್ಕವನ್ನು ಬ್ಯಾಂಕಿನ ಸ್ಟೇಟ್‌ಮೆಂಟ್ ಮತ್ತು ಮೇಸ್ತ್ರಿಯ ಪುಸ್ತಕ ನೋಡಿ ಹೊಂದಿಸಿಕೊಂಡರು. ಅಡಿಕೆ ಪಟ್ಟಿಗಳ ನಕಲನ್ನು ಕಛೇರಿಯಿಂದ ತೆಗೆದುಕೊಟ್ಟೆವು. ಜಿ.ಎಸ್.ಟಿ. ವಿವರ, ಪಹಣಿ ಇವೆಲ್ಲ ಸರ್ಕಾರದ ತಾಣಗಳಲ್ಲಿ ಮತ್ತೆ ಸಿಕ್ಕಿದವು. ಹನ್ನೊಂದು ವರ್ಷ ಬೆಳಿಗ್ಗೆ ಎದ್ದು ಅಳೆದು ಬರೆದಿಟ್ಟ ಮಳೆ ಲೆಕ್ಕವನ್ನು ಮಾತ್ರ ಕೊಡುವವರು ಯಾರೂ ಇರಲಿಲ್ಲ. ಯಾವ ವರ್ಷ ಹೂಮಳೆ ಎಂದು ಬಂತು, ಎಷ್ಟು ಬಂತು ಎಂಬುದು ಅವರ ತೋಟದ ಮಟ್ಟಿಗೆ ಇನ್ನು ನೆನಪಿನ ಮಾತು. ಅಂಗಡಿಯವರನ್ನು ದೂರಿ ಫಲವಿಲ್ಲ. ಯಂತ್ರ ಓಡುವಂತೆ ಮಾಡಿ ಎಂದು ಹೇಳಿದ್ದರು, ಅವರು ಓಡುವಂತೆ ಮಾಡಿದರು. ಒಳಗಿನದು ಬೇಕು ಎಂದು ಯಾರೂ ಹೇಳಿರಲಿಲ್ಲ.

ಯಂತ್ರ ಏಳುವ ಕ್ರಮ

ಪಂಪ್‌ಸೆಟ್ಟು ನೀರೆತ್ತದಿದ್ದರೆ ಬಾವಿ ಬತ್ತಿತೆಂದು ನಾವು ಯಾರೂ ತೀರ್ಮಾನಿಸುವುದಿಲ್ಲ. ಕರೆಂಟು ಬಂದಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಫುಟ್‌ವಾಲ್ವಿನಲ್ಲಿ ನೀರು ನಿಲ್ಲುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಲ್ಯಾಪ್‌ಟಾಪಿಗೂ ಇದೇ ಕ್ರಮ.

ಗುಂಡಿ ಒತ್ತಿದೊಡನೆ ಮೊದಲು ಕೆಲಸ ಆರಂಭಿಸುವುದು ಯಂತ್ರದೊಳಗಿನ ಚಿಪ್ಪಿನಲ್ಲಿರುವ ಒಂದು ಸಣ್ಣ ಪ್ರೋಗ್ರಾಮು. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದು ಹೆಸರು, ಈಗಿನವುಗಳಲ್ಲಿ ಯು.ಇ.ಎಫ್.ಐ. ಎನ್ನುತ್ತಾರೆ. ಇದು ಮೆಮೊರಿ, ಡಿಸ್ಕು, ಕೀಬೋರ್ಡು ಸರಿಯಿವೆಯೇ ಎಂದು ನೋಡಿ, ತಯಾರಕರ ಲಾಂಛನವನ್ನು ಪರದೆಯ ಮೇಲೆ ತೋರಿಸುತ್ತದೆ. ಎರಡನೆಯದು ಬೂಟ್ ಲೋಡರ್. ಡಿಸ್ಕಿನ ಒಂದು ಚಿಕ್ಕ ಭಾಗದಲ್ಲಿರುವ ಇದು ವಿಂಡೋಸ್ ಎಲ್ಲಿದೆ ಎಂದು ಹುಡುಕಿ ಅದನ್ನು ಎಬ್ಬಿಸುತ್ತದೆ. ಮೂರನೆಯದು ವಿಂಡೋಸಿನ ಮೂಲಭಾಗ ಮತ್ತು ಅದರ ಜೊತೆಗಿನ ಡ್ರೈವರುಗಳು. ಪರದೆ, ಡಿಸ್ಕು, ಪ್ರಿಂಟರು ಮುಂತಾದವುಗಳನ್ನು ನಡೆಸುವ ಪ್ರೋಗ್ರಾಮುಗಳಿಗೆ ಡ್ರೈವರ್ ಎಂದು ಹೆಸರು. ನಾಲ್ಕನೆಯದು ಪಾಸ್‌ವರ್ಡ್ ಕೇಳುವ ಪರದೆ.

ಅಪ್‌ಗ್ರೇಡಿನ ಕೈ ಹೆಚ್ಚಾಗಿ ಆಡುವುದು ಎರಡನೆಯ ಮತ್ತು ಮೂರನೆಯ ಹಂತಗಳಲ್ಲಿ. ಅದು ಹಳೆಯ ವಿಂಡೋಸನ್ನು ಪಕ್ಕದ ಬೇರೊಂದು ಫೋಲ್ಡರಿಗೆ ಸರಿಸಿ, ಹೊಸದನ್ನು ಅದರ ಜಾಗದಲ್ಲಿ ಕೂರಿಸಿ, ಹಲವು ಬಾರಿ ತಾನೇ ಆರಿ ಹತ್ತುತ್ತದೆ. ಮಧ್ಯೆ ತೊಡಕಾದರೆ ಹಳೆಯದನ್ನೇ ಹಿಂದಕ್ಕೆ ತಂದು ಕೂರಿಸುವ ವ್ಯವಸ್ಥೆಯೂ ಅದರಲ್ಲಿಯೇ ಉಂಟು. ಸದಸ್ಯರ ಲೆಕ್ಕದ ಫೈಲುಗಳು ಈ ನಾಲ್ಕು ಹಂತಗಳಲ್ಲಿ ಯಾವುದಕ್ಕೂ ಸೇರಿದವಲ್ಲ. ಅವು ಅದೇ ಡಿಸ್ಕಿನಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ.

2024ರ ಜುಲೈ 19ರಂದು ನಡೆದ ಘಟನೆಯಿಂದ ಇದು ಸ್ಪಷ್ಟವಾಗುತ್ತದೆ. ಅಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯು ಕಳುಹಿಸಿದ ಒಂದು ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನಿಂತುಹೋದವು. ಮೈಕ್ರೋಸಾಫ್ಟಿನ ಅಂದಾಜಿನಂತೆ ಅವುಗಳ ಸಂಖ್ಯೆ ಸುಮಾರು 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಆ ಯಂತ್ರಗಳನ್ನು ಯಾರೂ ಸಾರಾಸಗಟಾಗಿ ಫಾರ್ಮ್ಯಾಟ್ ಮಾಡಲಿಲ್ಲ. ದುರಸ್ತಿ ಪರದೆಗೆ ಅಥವಾ ಸೇಫ್ ಮೋಡಿಗೆ ಹೋಗಿ, ತೊಂದರೆ ಕೊಟ್ಟ ಫೈಲನ್ನು ಅಳಿಸಿದೊಡನೆ ಯಂತ್ರ ಎದ್ದುಕೊಳ್ಳುತ್ತಿತ್ತು, ಒಳಗಿನ ದಾಖಲೆಗಳು ಇದ್ದಂತೆಯೇ ಇದ್ದವು.

ಮೊದಲು ಕಾಯಬೇಕು

ಶೇಕಡಾ 30ರಲ್ಲೋ 70ರಲ್ಲೋ ಅಂಕಿ ನಿಂತುಬಿಟ್ಟಂತೆ ಕಂಡರೆ ಕೂಡಲೇ ಗುಂಡಿ ಒತ್ತಿ ಆರಿಸಬಾರದು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಈ ಕೆಲಸ ಹಲವು ಗಂಟೆ ಹಿಡಿಯಬಹುದು. ಚಾರ್ಜರ್ ಸಿಕ್ಕಿಸಿ, ಸಾಧ್ಯವಿದ್ದರೆ ಯು.ಪಿ.ಎಸ್. ಮೂಲಕವೇ ಸಿಕ್ಕಿಸಿ, ರಾತ್ರಿ ಪೂರ್ತಿ ಹಾಗೆಯೇ ಬಿಡುವುದು ಉತ್ತಮ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು.

ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಪರದೆಯ ಮೇಲೆ ಬಂದರಂತೂ ಯಂತ್ರವನ್ನು ಮುಟ್ಟಲೇಬಾರದು. ಹಳೆಯ ವಿಂಡೋಸು ತನ್ನ ಜಾಗಕ್ಕೆ ಮರಳುತ್ತಿರುವ ಹೊತ್ತು ಅದು. ಹೊಸದೂ ಪೂರ್ತಿ ಕೂರದೆ ಹಳೆಯದೂ ಪೂರ್ತಿ ಮರಳದೆ ಇರುವಾಗ ಆರಿಸಿದರೆ ಎರಡೂ ಕೈತಪ್ಪುತ್ತವೆ.

ಎಲ್ಲಿ ನಿಂತಿದೆ ಎಂದು ನೋಡುವುದು

ರಾತ್ರಿ ಕಳೆದರೂ ಬದಲಾವಣೆ ಇಲ್ಲದಿದ್ದರೆ ಮಾತ್ರ ಮುಂದಿನ ಕೆಲಸ. ಪರದೆಯ ಮೇಲೆ ಏನು ಬರೆದಿದೆಯೋ ಅದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಅಲ್ಲಿ ಕಾಣುವ ದೋಷದ ಸಂಕೇತ ಮುಂದೆ ನೋಡುವವರಿಗೆ ದಾರಿ ತೋರಿಸುತ್ತದೆ. ಅನಂತರ ಪ್ರಿಂಟರು, ಪೆನ್ ಡ್ರೈವು, ಡಾಂಗಲ್ಲು, ಮೌಸು ಎಲ್ಲವನ್ನೂ ಬಿಡಿಸಿ, ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಆರಿಸಿ, ಮತ್ತೆ ಹತ್ತಿಸಬೇಕು.

1. ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದಾದರೆ ಇದು ವಿದ್ಯುತ್ತಿನ ತೊಂದರೆ. ಚಾರ್ಜರ್ ಬಿಡಿಸಿ, ಹೊರಗೆ ತೆಗೆಯಬಹುದಾದ ಬ್ಯಾಟರಿ ಇದ್ದರೆ ತೆಗೆದು, ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಬೇಕು. ಬೇರೆ ಚಾರ್ಜರಿನಲ್ಲಿ ಪರೀಕ್ಷಿಸುವುದೂ ಅಗತ್ಯ.

2. ತಯಾರಕರ ಲಾಂಛನ ಬಂದು, ಬೂಟ್ ಆಗುವ ಡಿಸ್ಕ್ ಸಿಗಲಿಲ್ಲ ಎಂದು ಬರೆದು ನಿಂತರೆ ತೊಂದರೆ ಎರಡನೆಯ ಹಂತದಲ್ಲಿದೆ. ಬಯಾಸ್ ಪರದೆಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಬೇಕು. ಇದಕ್ಕೆ ತಯಾರಕರಿಗೆ ತಕ್ಕಂತೆ ಎಫ್ 2, ಎಫ್ 10 ಅಥವಾ ಡಿಲೀಟ್ ಕೀ ಒತ್ತಬೇಕಾಗುತ್ತದೆ. ಹೆಸರು ಕಂಡರೆ ಬೂಟ್ ಲೋಡರ್ ಕೆಟ್ಟಿರಬಹುದು, ಅದು ಸರಿಯಾಗುವಂಥದು. ಕಾಣದಿದ್ದರೆ ಡಿಸ್ಕೇ ಕೆಟ್ಟಿರಬಹುದು ಅಥವಾ ಅದರ ಸಂಪರ್ಕ ತಪ್ಪಿರಬಹುದು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಹತ್ತಿಸಬಾರದು. ಪ್ರತಿ ಸಲವೂ ಒಳಗಿನ ಹಾನಿ ಹೆಚ್ಚುತ್ತದೆ.

3. ವಿಂಡೋಸಿನ ಗುರುತು ಬಂದು ಚುಕ್ಕೆಗಳು ಸುತ್ತುತ್ತಲೇ ಇದ್ದರೆ, ಅಥವಾ ನೀಲಿ ಪರದೆ ಬಂದು ತಾನೇ ಆರಿ ಹತ್ತುತ್ತಿದ್ದರೆ ತೊಂದರೆ ಮೂರನೆಯ ಹಂತದಲ್ಲಿದೆ. ಹೊಸ ವಿಂಡೋಸ್ 11ರಲ್ಲಿ 2025ರಿಂದ ಈ ದೋಷದ ಪರದೆ ಕಪ್ಪು ಬಣ್ಣದ್ದಾಗಿದೆ. ಹೊಸ ವಿಂಡೋಸಿಗೆ ಹೊಂದದ ಹಳೆಯ ಡ್ರೈವರುಗಳು ಇದಕ್ಕೆ ಸಾಮಾನ್ಯ ಕಾರಣ.

4. ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಕಪ್ಪಾಗಿ ಬಾಣದ ಗುರುತು ಮಾತ್ರ ಉಳಿದರೆ ಯಂತ್ರ ಎದ್ದಿದೆ, ಪರದೆಯನ್ನು ನಡೆಸುವ ಡ್ರೈವರು ಎದ್ದಿಲ್ಲ ಎಂದು ಅರ್ಥವಿರಬಹುದು. ವಿಂಡೋಸ್ ಗುರುತಿನ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ, ಈ ನಾಲ್ಕನ್ನು ಒಟ್ಟಿಗೆ ಒತ್ತಿದರೆ ಆ ಡ್ರೈವರು ಹೊಸದಾಗಿ ಆರಂಭವಾಗುತ್ತದೆ.

ದುರಸ್ತಿ ಪರದೆ

ಮೇಲಿನ 2 ಮತ್ತು 3ನೆಯ ತೊಂದರೆಗಳಿಗೆ ವಿಂಡೋಸಿನೊಳಗೇ ಒಂದು ದುರಸ್ತಿ ವ್ಯವಸ್ಥೆ ಇದೆ. ಎರಡು ಮೂರು ಬಾರಿ ಸತತವಾಗಿ ಚಾಲೂ ಆಗದಿದ್ದರೆ ಅದು ತಾನಾಗಿಯೇ ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ತಾಣದಿಂದ ವಿಂಡೋಸಿನ ಇನ್‌ಸ್ಟಾಲೇಶನ್ ಪೆನ್ ಡ್ರೈವನ್ನು ತಯಾರಿಸಿ, ಅದರಿಂದ ಚಾಲೂ ಮಾಡಿ, ರಿಪೇರಿಯ ಆಯ್ಕೆಯನ್ನು ಒತ್ತಬೇಕು. ಇನ್‌ಸ್ಟಾಲ್ ಎಂಬುದನ್ನು ಒತ್ತಬಾರದು. ಪೆನ್ ಡ್ರೈವ್ ಕನಿಷ್ಠ 8 ಜಿ.ಬಿ. ಇರಬೇಕು, ಅದರಲ್ಲಿ ಮೊದಲು ಇದ್ದುದೆಲ್ಲ ಅಳಿಸಿಹೋಗುತ್ತದೆ.

ದುರಸ್ತಿ ಪರದೆಯಲ್ಲಿ ಟ್ರಬಲ್‌ಶೂಟ್, ಅನಂತರ ಅಡ್ವಾನ್ಸ್‌ಡ್ ಆಪ್ಷನ್ಸ್ ಎಂಬಲ್ಲಿಗೆ ಹೋಗಬೇಕು. ಅಲ್ಲಿ ಈ ಕ್ರಮದಲ್ಲಿ ಪ್ರಯತ್ನಿಸುವುದು ಲೇಸು. ಮೊದಲು ಸ್ಟಾರ್ಟಪ್ ರಿಪೇರ್. ಬೂಟ್ ಲೋಡರಿನ ಸಣ್ಣಪುಟ್ಟ ದೋಷಗಳನ್ನು ಇದು ತಾನೇ ಸರಿಪಡಿಸುತ್ತದೆ. ಎರಡನೆಯದು ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಇದರಲ್ಲಿ ಇತ್ತೀಚಿನ ಫೀಚರ್ ಅಪ್‌ಡೇಟನ್ನು ತೆಗೆದರೆ ಹಳೆಯ ವಿಂಡೋಸು ಮರಳುತ್ತದೆ. ಹಳೆಯದನ್ನು ಯಂತ್ರ ಸಾಮಾನ್ಯವಾಗಿ 10 ದಿನ ಮಾತ್ರ ಉಳಿಸಿಕೊಂಡಿರುತ್ತದೆಯಾದ್ದರಿಂದ ತಡಮಾಡಬಾರದು. ಮೂರನೆಯದು ಸಿಸ್ಟಂ ರಿಸ್ಟೋರ್; ಹಿಂದಿನ ದಿನಾಂಕದ ಗುರುತು ಇದ್ದರೆ ವಿಂಡೋಸಿನ ವ್ಯವಸ್ಥೆ ಆ ದಿನದ ಸ್ಥಿತಿಗೆ ಮರಳುತ್ತದೆ. ನಾಲ್ಕನೆಯದು ಸ್ಟಾರ್ಟಪ್ ಸೆಟ್ಟಿಂಗ್ಸ್. ಇದರಲ್ಲಿ 4ನ್ನು ಒತ್ತಿದರೆ ಸೇಫ್ ಮೋಡ್, ಅಂದರೆ ಅತ್ಯಗತ್ಯ ಡ್ರೈವರುಗಳಿಂದ ಮಾತ್ರ ಯಂತ್ರ ಏಳುತ್ತದೆ. ಹಾಗೆ ಎದ್ದರೆ ತೊಂದರೆ ಕೊಡುವ ಡ್ರೈವರನ್ನೋ ಆಂಟಿವೈರಸ್ಸನ್ನೋ ತೆಗೆದುಹಾಕಬಹುದು. ಈ ನಾಲ್ಕು ಆಯ್ಕೆಗಳಲ್ಲಿ ಯಾವುದೂ ಲೆಕ್ಕದ ಫೈಲುಗಳನ್ನು ಅಳಿಸುವುದಕ್ಕಾಗಿ ಇರುವುದಲ್ಲ.

48 ಅಂಕಿಗಳ ಕೀ

ದುರಸ್ತಿ ಪರದೆಗೆ ಹೋಗುವಾಗ ಕೆಲವು ಯಂತ್ರಗಳು ಬಿಟ್‌ಲಾಕರ್ ರಿಕವರಿ ಕೀ ಎಂದು 48 ಅಂಕಿಗಳ ಒಂದು ಸಂಖ್ಯೆಯನ್ನು ಕೇಳುತ್ತವೆ. ಇದನ್ನು ಕಂಡು ವೈರಸ್ ಬಂದಿತೆಂದು ಗಾಬರಿಪಡುವವರುಂಟು. ಲ್ಯಾಪ್‌ಟಾಪ್ ಕಳುವಾದರೂ ಒಳಗಿನದನ್ನು ಬೇರೆಯವರು ಓದದಂತೆ ಡಿಸ್ಕಿಗೆ ಹಾಕಿರುವ ಬೀಗ ಇದು. ಮೈಕ್ರೋಸಾಫ್ಟ್ ಖಾತೆಯ ಮೂಲಕ ತೆರೆದ ಅನೇಕ ಯಂತ್ರಗಳಲ್ಲಿ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ, ಮಾಲೀಕರಿಗೆ ಅದರ ಅರಿವಿರುವುದಿಲ್ಲ. ಹಾಗಿದ್ದರೆ ಅದರ ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಇರುತ್ತದೆ. ಬೇರೆ ಕಂಪ್ಯೂಟರಿನಿಂದಲೋ ಮೊಬೈಲಿನಿಂದಲೋ ಆ ಖಾತೆಗೆ ಹೋಗಿ ನೋಡಬಹುದು.

ಕೀ ಎಲ್ಲಿಯೂ ಸಿಗದಿದ್ದರೆ ಆ ಡಿಸ್ಕಿನಲ್ಲಿದ್ದುದನ್ನು ಮೈಕ್ರೋಸಾಫ್ಟ್ ಕಂಪನಿಯವರೂ ತೆಗೆದುಕೊಡಲಾರರು. ಈ ಲೇಖನದಲ್ಲಿ ಹೇಳಿದ ಬೇರೆ ಎಲ್ಲ ತೊಡಕಿಗೂ ಒಂದು ದಾರಿ ಉಂಟು, ಇದಕ್ಕೆ ಇಲ್ಲ. ಎಷ್ಟೋ ಯಂತ್ರಗಳು ಅಂಗಡಿಯಲ್ಲಿ ತೆರೆದದ್ದು, ಅಥವಾ ಊರಿಗೆ ಬಂದಿದ್ದ ಮಗನೋ ಮಗಳೋ ತಮ್ಮ ಖಾತೆಯಿಂದ ತೆರೆದುಕೊಟ್ಟದ್ದು. ಆದುದರಿಂದ ಯಂತ್ರ ಸರಿಯಿರುವಾಗಲೇ ಅದು ಯಾರ ಖಾತೆಯಲ್ಲಿದೆ ಎಂದು ವಿಚಾರಿಸಿ, ಈ 48 ಅಂಕಿಗಳನ್ನು ಕಾಗದದಲ್ಲಿ ಬರೆದು ತೋಟದ ಪತ್ರಗಳ ಜೊತೆ ಇಡತಕ್ಕದ್ದು.

ಲೆಕ್ಕವನ್ನು ಹೊರಗೆ ತೆಗೆಯುವುದು

ಮೇಲಿನ ನಾಲ್ಕು ಪ್ರಯತ್ನಗಳಿಂದಲೂ ಯಂತ್ರ ಏಳದಿದ್ದರೆ, ಇನ್ನು ಮುಂದೆ ಹೋಗುವ ಮೊದಲು ಫೈಲುಗಳನ್ನು ಹೊರಗೆ ತೆಗೆಯಬೇಕು. ಇದಕ್ಕೆ ಮೂರು ದಾರಿಗಳಿವೆ.

ಒಂದು: ದುರಸ್ತಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬುದನ್ನು ತೆರೆದು ನೋಟ್‌ಪ್ಯಾಡ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಬರೆಯುವ ಪುಟ ಬರುತ್ತದೆ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಎಲ್ಲ ಬಗೆಯ ಫೈಲುಗಳೂ ಕಾಣುವಂತೆ ಆರಿಸಿದರೆ ಡಿಸ್ಕಿನ ಫೋಲ್ಡರುಗಳು ಕಾಣುತ್ತವೆ. ಬೇಕಾದ ಫೋಲ್ಡರನ್ನು ಕಾಪಿ ಮಾಡಿ, ಸಿಕ್ಕಿಸಿರುವ ಹೊರಗಿನ ಡಿಸ್ಕಿನಲ್ಲಿ ಪೇಸ್ಟ್ ಮಾಡಬಹುದು. ಇಲ್ಲಿ ಸಿ ಡ್ರೈವ್ ಬೇರೆ ಅಕ್ಷರದಿಂದ ಕಾಣಬಹುದು, ನಕಲಿನ ಪ್ರಗತಿ ಪರದೆಯ ಮೇಲೆ ತೋರದಿರಲೂಬಹುದು. ಹೊರಗಿನ ಡಿಸ್ಕಿನ ದೀಪ ಮಿನುಗುವುದು ನಿಲ್ಲುವ ತನಕ ಕಾಯಬೇಕು.

ಎರಡು: ಉಬುಂಟುವಿನಂಥ ಉಚಿತ ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿ, ಯಂತ್ರದಲ್ಲಿ ಕೂರಿಸದೆ ಪೆನ್ ಡ್ರೈವಿನಿಂದಲೇ ನಡೆಸಿ ಫೈಲುಗಳನ್ನು ನಕಲು ಮಾಡುವುದು.

ಮೂರು: ಡಿಸ್ಕನ್ನೇ ಬಿಚ್ಚಿ, ಯು.ಎಸ್.ಬಿ. ಕೇಸಿಂಗಿನಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಸಿಕ್ಕಿಸುವುದು. ಇದನ್ನು ತಿಳಿದವರಿಂದ ಮಾಡಿಸುವುದು ಒಳ್ಳೆಯದು. ಕೆಲವು ತೆಳು ಯಂತ್ರಗಳಲ್ಲಿ ಡಿಸ್ಕು ಬೋರ್ಡಿಗೇ ಬೆಸೆದಿರುವುದರಿಂದ ಅಲ್ಲಿ ಈ ದಾರಿ ಇಲ್ಲ.

ಡಿಸ್ಕಿಗೆ ಬೀಗವಿದ್ದರೆ ಈ ಮೂರು ದಾರಿಗಳಲ್ಲಿಯೂ ಮೇಲೆ ಹೇಳಿದ ಕೀ ಬೇಕೇಬೇಕು.

ರೀಸೆಟ್ ಮತ್ತು ಫಾರ್ಮ್ಯಾಟ್

ದುರಸ್ತಿ ಪರದೆಯಲ್ಲಿ ರೀಸೆಟ್ ಎಂಬ ಇನ್ನೊಂದು ಆಯ್ಕೆ ಇದೆ. ಅದರಲ್ಲಿ ಫೈಲುಗಳನ್ನು ಉಳಿಸು, ಎಲ್ಲವನ್ನೂ ತೆಗೆ ಎಂದು ಎರಡು ಬಗೆ. ಮೊದಲನೆಯದನ್ನು ಆರಿಸಿದರೂ ನಾವು ಹಾಕಿಸಿದ ಪ್ರೋಗ್ರಾಮುಗಳು ಹೋಗುತ್ತವೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮುಂತಾದ ಕಡೆ ಇಟ್ಟ ಫೈಲುಗಳು ಉಳಿಯುತ್ತವೆ. ಆದರೆ ಲೆಕ್ಕದ ಪ್ರೋಗ್ರಾಮು ಸಿ ಡ್ರೈವಿನಲ್ಲಿ ತನ್ನದೇ ಬೇರೆ ಫೋಲ್ಡರಿನಲ್ಲಿಟ್ಟ ಲೆಕ್ಕ ಉಳಿಯುತ್ತದೆಂದು ನಂಬಿ ಕೂರಬಾರದು. ಹೊಸದಾಗಿ ವಿಂಡೋಸ್ ಹಾಕುವಾಗ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರಂತೂ ಅಲ್ಲಿದ್ದುದೆಲ್ಲ ಹೋಗುತ್ತದೆ. ಇವೆರಡೂ ಕಡೆಯ ದಾರಿಗಳು; ಫೈಲುಗಳು ಹೊರಗೆ ಬಂದಿವೆ, ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತವೆ ಎಂದು ನೋಡಿಕೊಂಡ ಮೇಲೆ ಹಿಡಿಯಬೇಕಾದವು.

ಅಂಗಡಿಗೆ ಕೊಡುವುದಾದರೆ ರಸೀತಿಯ ಮೇಲೆಯೇ ಹೀಗೆ ಬರೆಸಿ: "ಒಳಗಿನ ಫೈಲುಗಳು ಬೇಕು. ಕೇಳದೆ ಫಾರ್ಮ್ಯಾಟ್ ಮಾಡಬಾರದು." ಲೆಕ್ಕ ಯಾವ ಪ್ರೋಗ್ರಾಮಿನಲ್ಲಿದೆ, ಯಾವ ಫೋಲ್ಡರಿನಲ್ಲಿದೆ ಎಂಬುದನ್ನೂ ಚೀಟಿಯಲ್ಲಿ ಬರೆದು ಕೊಡಿ. ಡಿಸ್ಕು ಬದಲಾಯಿಸಿದರೆ ಹಳೆಯ ಡಿಸ್ಕನ್ನು ಕೇಳಿ ಪಡೆಯಿರಿ.

ಇನ್ನೊಂದು ಎಚ್ಚರಿಕೆ. ಮೈಕ್ರೋಸಾಫ್ಟಿನ ದೋಷದ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಈ ಸಂಖ್ಯೆಗೆ ಕರೆ ಮಾಡಿ ಎಂದು ಪರದೆಯ ಮೇಲೆ ಬಂದರೆ ಅದು ಮೋಸ. ಕರೆ ಮಾಡಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಅಪ್‌ಗ್ರೇಡಿಗೆ ಮುಂಚೆ

ಇನ್ನೂ ಅಪ್‌ಗ್ರೇಡ್ ಮಾಡದ ಸದಸ್ಯರು ಕೆಲವು ಸಂಗತಿಗಳನ್ನು ಗಮನಿಸಬೇಕು. ವಿಂಡೋಸ್ 11ಕ್ಕೆ 4 ಜಿ.ಬಿ. ಮೆಮೊರಿ, 64 ಜಿ.ಬಿ. ಡಿಸ್ಕು, ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇವು ಇಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ಹಾಕಿಸಿದರೆ ಮುಂದಿನ ಅಪ್‌ಡೇಟುಗಳು ಬಂದೇ ಬರುತ್ತವೆಂಬ ಭರವಸೆ ಇರುವುದಿಲ್ಲ.

ಮೊದಲು ಎಲ್ಲ ಲೆಕ್ಕವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಡಿಸಿ ಬೇರೆಡೆ ಇಡಬೇಕು. ಫೈಲುಗಳು ಸಾಮಾನ್ಯವಾಗಿ ಉಳಿಯುತ್ತವೆ ಎಂದು ಮೇಲೆ ಹೇಳಿದ್ದೇವೆ, ಯಾವಾಗಲೂ ಎಂದು ಹೇಳಿಲ್ಲ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟು ಕೆಲವರ ಡಾಕ್ಯುಮೆಂಟ್ಸ್ ಫೈಲುಗಳನ್ನೇ ಅಳಿಸಿದ್ದರಿಂದ ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರಿನಲ್ಲಿ ಮತ್ತೆ ಬಿಡಬೇಕಾಯಿತು. ಲೆಕ್ಕದ ಪ್ರೋಗ್ರಾಮಿನ ಬ್ಯಾಕಪ್ಪನ್ನು ಒಮ್ಮೆಯಾದರೂ ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ.

ಬಿಟ್‌ಲಾಕರ್ ಕೀ ಬರೆದಿಡಿ. ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಜಾಗ ಮಾಡಿಕೊಳ್ಳಿ. ಪ್ರಿಂಟರು ಮೊದಲಾದವುಗಳನ್ನು ಬಿಡಿಸಿ. ಬ್ಯಾಟರಿ ತುಂಬಿ, ಚಾರ್ಜರ್ ಸಿಕ್ಕಿಸಿಯೇ ಆರಂಭಿಸಿ. ಗಾಳಿಮಳೆಗೆ ಕರೆಂಟು ಹೋಗಿ ಬರುವ ಜೂನ್ ಜುಲೈ, ಗುಡುಗು ಸಿಡಿಲಿನ ಏಪ್ರಿಲ್ ಮೇ, ಕೊಯ್ಲಿನ ಬಟವಾಡೆ ನಡೆಯುವ ತಿಂಗಳುಗಳು, ಲೆಕ್ಕ ಮುಗಿಸುವ ಮಾರ್ಚ್ ಕೊನೆ, ಇವುಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಕ್ಷೇಮ.

ಮಳೆ ಲೆಕ್ಕದ ವಿಷಯದಲ್ಲಿ ನಮ್ಮ ವಿಶೇಷ ವಿನಂತಿ ಇದೆ. ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಹಾಳೆಯೊಂದನ್ನು ಪ್ರಿಂಟ್ ಮಾಡಿಯೋ ಕೈಯಲ್ಲಿ ಬರೆದೋ ಫೈಲಿನಲ್ಲಿಡಿ. ಅದರ ಒಂದು ನಕಲನ್ನು ಸಂಘದ ಕಛೇರಿಗೆ ಕೊಟ್ಟರೆ ಸದಸ್ಯರ ಹೆಸರಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತೇವೆ. ವಿಂಡೋಸ್ 11ರ ಇನ್‌ಸ್ಟಾಲೇಶನ್ ಪೆನ್ ಡ್ರೈವು ಮತ್ತು ಡಿಸ್ಕ್ ಕೇಸಿಂಗು ಕಛೇರಿಯಲ್ಲಿವೆ. ಯಂತ್ರ ನಿಂತುಹೋದ ಸದಸ್ಯರು ಅಂಗಡಿಗೆ ಹೋಗುವ ಮೊದಲು ಅದನ್ನು ಚಾರ್ಜರ್ ಸಹಿತ ಕಛೇರಿಯ ವೇಳೆಯಲ್ಲಿ ತಂದು ತೋರಿಸಬಹುದು. ಬರುವಾಗ ಆ 48 ಅಂಕಿಗಳನ್ನು ಮರೆಯದೆ ತನ್ನಿ.